ಅಪ್ಪ ಮತ್ತು ಸಾಲ್ಮನ್

ಊರಿಂದ ಬಂದಿರುವ ಅಪ್ಪನನ್ನು ಸಿಯಾಟಲ್ ಹತ್ತಿರದ ಇಸಾಕ್ವಾ ಸಾಲ್ಮನ್ ಮೀನಿನ ಮರಿ ಮಾಡುವ ಕೇಂದ್ರಕ್ಕೆ ಕರ್ಕೊಂಡು ಹೋಗಿದ್ದೆ. 1936ರಿಂದ ಇರುವ ಜಾಗ. ಸಮುದ್ರದಿಂದ ವಾಪಸ್ ಬಂದ ಮೀನುಗಳು ಮೆಟ್ಟಿಲಿನಂಥ ಕಾಲುವೆ ಹತ್ತುವುದನ್ನು ನೋಡುತ್ತಾ, "ಇಷ್ಟೊಂದು ಮರಿ ಮಾಡಿ ಬಿಡ್ತಾರಲ್ಲ, ಒಳ್ಳೇದೇ ಅಲ್ವಾ?" ಅಂದರು.

ನಾನೂ ಹಾಗೇ ಅಂದ್ಕೊಂಡಿದ್ದೆ. ಆದರೆ ಒರೆಗಾನ್‌ನ ಹುಡ್ ನದಿಯ ಸ್ಟೀಲ್‌ಹೆಡ್ ಅನ್ನೋ ಸಾಲ್ಮನ್ ಬಳಗದ ಮೀನುಗಳ ಡಿಎನ್‌ಎ ನೋಡಿದವರು 2007ರಲ್ಲೇ ಹೇಳಿದ್ದಾರೆ, ಇಂಥ ಕೇಂದ್ರದ ತೊಟ್ಟಿಯಲ್ಲಿ ಬೆಳೆದ ಒಂದೊಂದು ತಲೆಮಾರಿಗೂ ನದಿಯಲ್ಲಿ ಸಂತಾನ ಬೆಳೆಸುವ ಶಕ್ತಿ ಸುಮಾರು 40% ಕುಸಿಯುತ್ತದೆ ಅಂತ. ವೇಲ್ಸ್‌ನವರಂತೂ 2014ರಲ್ಲಿ ಮರಿ ಬಿಡುವುದನ್ನೇ ನಿಲ್ಲಿಸುವ ತೀರ್ಮಾನ ಮಾಡಿಬಿಟ್ಟರು. ಇಲ್ಲೂ ನಿಲ್ಲಿಸಿ ಅನ್ನೋದು ನನಗಂತೂ ಸುಲಭ, ಆದರೆ ಅಮೆರಿಕ ಸರ್ಕಾರದ ಜೊತೆಗಿನ ಹಳೇ ಒಪ್ಪಂದದ ಹಕ್ಕಿನಿಂದ ಮೀನು ಹಿಡಿಯುವ ಮೂಲನಿವಾಸಿಗಳ ಬಲೆಗೆ ಏನು ಬೀಳಬೇಕು? ನದಿಗೆ ಅಣೆಕಟ್ಟು ಕಟ್ಟಿ ಅಲ್ಲಿನ ಮೀನು ಕಡಿಮೆ ಮಾಡಿದ್ದು ಅವರಲ್ಲವಲ್ಲ.

ತೊಟ್ಟಿ ಮೀನಿನ ಗುರುತಿಗೆ ಬಾಲದ ಹತ್ತಿರದ ಸಣ್ಣ ರೆಕ್ಕೆ ಕತ್ತರಿಸಿರುತ್ತಾರೆ ಅಂದೆ. ಅಪ್ಪ ಕನ್ನಡಕ ಒರೆಸಿಕೊಂಡು ಮತ್ತೆ ಗಾಜಿಗೆ ಮುಖ ಒತ್ತಿ ನಿಂತರು.