ಕಾಲು ಗಂಟೆ ಮೊದಲೇ ಬಂದ ದೋಣಿ

ಹೊನ್ನಾವರದ ಹತ್ತಿರ, ಶರಾವತಿ ದಂಡೆಯ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಮಾಸ್ತರ. ಹತ್ತನೇ ತರಗತಿಗೆ ಸಮೀಕರಣಗಳ ಜೋಡಿ ಕಲಿಸುವಾಗ ದೋಣಿ ಲೆಕ್ಕ ಬಂದೇ ಬರುತ್ತದೆ. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಒಂದು ಹಳೇ ಲೆಕ್ಕವಿತ್ತು. ಪ್ರವಾಹದ ವಿರುದ್ಧ 30 ಕಿ.ಮೀ., ಪ್ರವಾಹದ ಜೊತೆ 44 ಕಿ.ಮೀ. ಹೋಗಲು 10 ಗಂಟೆ. 40 ಮತ್ತು 55 ಕಿ.ಮೀ.ಗೆ 13 ಗಂಟೆ. ದೋಣಿಯ ಜವ ಎಷ್ಟು, ನೀರಿನ ಜವ ಎಷ್ಟು? ಉತ್ತರ ಗಂಟೆಗೆ ದೋಣಿಗೆ 8 ಕಿ.ಮೀ., ನೀರಿಗೆ 3. ಮಕ್ಕಳಿಗೆ ಲೆಕ್ಕ ಬರದಿದ್ದರೂ ಉತ್ತರ ಬಾಯಿಪಾಠ.

ಅದಕ್ಕೇ ಒಂದು ಕಿರುಪರೀಕ್ಷೆಗೆ ಸಂಖ್ಯೆ ಬದಲಿಸಿದೆ. ಮೇಲಕ್ಕೆ 12, ಕೆಳಕ್ಕೆ 20 ಕಿ.ಮೀ.ಗೆ 5 ಗಂಟೆ. ಮೇಲಕ್ಕೆ 15, ಕೆಳಕ್ಕೆ 30 ಕಿ.ಮೀ.ಗೆ 6 ಗಂಟೆ. ರಾತ್ರಿ ಹತ್ತಕ್ಕೆ ಬರೆದು, ಬಿಡಿಸಿ ನೋಡದೇ ಮಲಗಿದೆ. ದೂರ ಹೆಚ್ಚಿದೆ, ಟೈಮೂ ಹೆಚ್ಚಿದೆ, ಸಾಕಲ್ವಾ ಅಂದುಕೊಂಡೆ.

ಮರುದಿನ ಪೇಪರ್ ತಿದ್ದಲು ಕೂತಾಗ ಗೊತ್ತಾಯ್ತು. ಮೇಲಕ್ಕೆ ಹೋಗುವ ಜವ 2 ಸಿಗುತ್ತದೆ, ಕೆಳಕ್ಕೆ ಬರುವ ಜವ ಮೈನಸ್ 20! ಸುಮಾರು ಮಕ್ಕಳು ಅಲ್ಲಿಗೆ ಬಂದು ಅಳಿಸಿ, ಮತ್ತೆ ಬರೆದು, ಕಾಗದ ಹರಿಯುವಷ್ಟು ಉಜ್ಜಿದ್ದರು. ಒಬ್ಬ ಹುಡುಗ ಮೈನಸ್ಸನ್ನು ಸುಮ್ನೆ ಅಳಿಸಿ 20 ಮಾಡಿ, ದೋಣಿ 11, ನೀರು 9 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ನಾನು ರೈಟ್ ಹಾಕಿಯೇ ಬಿಡುತ್ತಿದ್ದೆ.

ಒಬ್ಬಳು ಮಾತ್ರ ಸಮೀಕರಣವನ್ನೇ ಬರೆದಿರಲಿಲ್ಲ. ಅವಳ ಅಪ್ಪ ಹೊಳೆಯಲ್ಲಿ ದೋಣಿ ನಡೆಸುವವರು. ಉತ್ತರದ ಜಾಗದಲ್ಲಿ ಪೆನ್ಸಿಲ್‌ನಲ್ಲಿ ಹೀಗಿತ್ತು: "ಸರ್, 12ಕ್ಕೆ ಅದರ ಕಾಲು ಭಾಗ ಸೇರಿಸಿದ್ರೆ 15. ಹಾಗೇ 20ಕ್ಕೂ ಸೇರಿಸಿದ್ರೆ 25, ಟೈಮು ಆರೂಕಾಲು ಗಂಟೆ. ಆದ್ರೆ ಇದು ಇನ್ನೂ 5 ಕಿ.ಮೀ. ಜಾಸ್ತಿ ಹೋಗಿ ಕಾಲು ಗಂಟೆ ಮೊದಲೇ ಹೇಗೆ ಬಂತು?"

ಎರಡು ಸಲ ಓದಿದೆ. ಒಂದನೇ ಸಮೀಕರಣವನ್ನು ಒಂದೂಕಾಲರಿಂದ ಗುಣಿಸಿ, ಮೇಲಕ್ಕೆ ಹೋಗುವ ಭಾಗವನ್ನು ಸಮ ಮಾಡಿ ಕಳೆದಿದ್ದಾಳೆ. ನಾನು ಬೋರ್ಡಿನ ಮೇಲೆ 'ವರ್ಜಿಸುವ ವಿಧಾನ' ಅಂತ ದೊಡ್ಡದಾಗಿ ಬರೆದು ಕಲಿಸುವುದೂ ಇದೇ. ನನ್ನ ವಿಧಾನದಲ್ಲಿ ತಪ್ಪು ಕೊನೇ ಸಾಲಿನಲ್ಲಿ ಮೈನಸ್ ಆಗಿ ಬಂತು. ಅವಳಿಗೆ ಮೊದಲೇ, ದೋಣಿಯಾಗಿಯೇ ಕಂಡಿತು.

ಲೆಕ್ಕಕ್ಕೆ ಕೈ ಹಾಕಿದವರಿಗೆಲ್ಲ ಮೂರಕ್ಕೆ ಮೂರು ಅಂಕ ಕೊಟ್ಟೆ. ಬೇರೆ ದಾರಿ ಇರಲಿಲ್ಲ.

ಈಗ ನಾನು ಉತ್ತರದಿಂದ ಹಿಂದಕ್ಕೆ ಬರುತ್ತೇನೆ. ದೋಣಿ 8, ನೀರು 2 ಎಂದಿಟ್ಟುಕೊಂಡರೆ ಮೇಲಕ್ಕೆ 6, ಕೆಳಕ್ಕೆ 10. ಅದೇ 12 ಮತ್ತು 20 ಕಿ.ಮೀ.ಗೆ ಎರಡೆರಡು ಗಂಟೆ, ಒಟ್ಟು 4. ಅದೇ 15 ಮತ್ತು 30 ಕಿ.ಮೀ.ಗೆ ಎರಡೂವರೆ ಮತ್ತು ಮೂರು, ಒಟ್ಟು ಐದೂವರೆ. ಟೈಮಷ್ಟೇ ತಪ್ಪಿತ್ತು ನೋಡಿ. ಪಾಠವನ್ನೂ ಅವಳ ದಾರಿಯಲ್ಲೇ ಶುರು ಮಾಡುತ್ತೇನೆ. 4 ಗಂಟೆಗೆ ಕಾಲು ಭಾಗ ಸೇರಿಸಿದರೆ 5 ಗಂಟೆ, ದೂರ 15 ಮತ್ತು 25. ಉಳಿದ 5 ಕಿ.ಮೀ.ಗೆ ಅರ್ಧ ಗಂಟೆ. ಅಂದರೆ ಕೆಳಕ್ಕೆ ಗಂಟೆಗೆ 10. ಎಕ್ಸ್, ವೈ ಆಮೇಲೆ ಬರುತ್ತವೆ.

ಹೊಸ ಲೆಕ್ಕವನ್ನು ಬೋರ್ಡಿಗೆ ಹಾಕಿದ ದಿನ ಅದೇ ಹುಡುಗಿ ಮತ್ತೆ ಕೈ ಎತ್ತಿದಳು. "ಸರ್, ಇದು ಉಬ್ಬರದ ಹೊತ್ತಾ, ಇಳಿತದ ಹೊತ್ತಾ?"

ನಮ್ಮ ಹೊಳೆ ಸಮುದ್ರ ಸೇರುವ ಕಡೆ ಸುಮಾರು ಆರು ಗಂಟೆಗೊಮ್ಮೆ ಸೆಳೆತದ ದಿಕ್ಕೇ ಬದಲಾಗುತ್ತದೆ. ಉಬ್ಬರದಲ್ಲಿ ಊರಿನ ಕಡೆಗೆ ಬರುವುದೇ ಸಲೀಸು. ಪ್ರಶ್ನೆಯ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: 'ನೀರಿನ ಜವ, ದಿಕ್ಕು ಬದಲಾಗುವುದಿಲ್ಲ ಎಂದುಕೊಳ್ಳಿ.' ಅವಳು ಅದನ್ನು ಬರೆದುಕೊಂಡಳು. ನಂಬಿದ ಹಾಗೆ ಕಾಣಲಿಲ್ಲ.