ನಸುಕಿನ ರೀಡಿಂಗ್ ಬರುವವರೆಗೆ ಡೋವೆಲ್ ಹೊಡೆಯಬಾರದು

ಸೇಡಂ, ಮಳಖೇಡ, ವಾಡಿ, ಚಿತ್ತಾಪುರದ ಕಡೆ ನೆಲದೊಳಗೆ ಸುಣ್ಣದಕಲ್ಲು ಹೇರಳವಾಗಿರುವುದರಿಂದ ಕಲಬುರಗಿ ಜಿಲ್ಲೆಯಲ್ಲಿ ಸಿಮೆಂಟ್ ಕಾರ್ಖಾನೆಗಳು ಬಹಳ. ಅವುಗಳ ಗೂಡು (ಕಚ್ಚಾ ಪುಡಿಯನ್ನು ಸುಡುವ ದೊಡ್ಡ ಒಲೆ), ಗಿರಣಿ, ಫ್ಯಾನುಗಳ ಜೋಡಣೆ ಮತ್ತು ದುರಸ್ತಿಯ ಗುತ್ತಿಗೆ ಹಿಡಿಯುವ ಸಂಸ್ಥೆಯೊಂದರಲ್ಲಿ ನಾನು ಪ್ರಾಜೆಕ್ಟ್ ಮ್ಯಾನೇಜರ್. ಗೂಡು ನಿಲ್ಲಿಸಿ ಮಾಡುವ ಶಟ್‌ಡೌನ್ ಕೆಲಸದಲ್ಲಿ ದಿನಗಳನ್ನಲ್ಲ, ಗಂಟೆಗಳನ್ನು ಎಣಿಸುತ್ತೇವೆ. ಈ ಗಂಟೆಗಳ ಲೆಕ್ಕದಲ್ಲಿಯೇ ಒಂದು ಮೇ ತಿಂಗಳಲ್ಲಿ ನಾನು ದೊಡ್ಡ ತಪ್ಪು ಮಾಡಿದೆ.

21 ದಿನಗಳ ಶಟ್‌ಡೌನ್‌ನಲ್ಲಿ ಗೂಡಿನ ಬಿಸಿ ಅನಿಲವನ್ನು ಎಳೆಯುವ ದೊಡ್ಡ ಫ್ಯಾನಿನ ಇಂಪೆಲ್ಲರ್ (ತಿರುಗುವ ರೆಕ್ಕೆಚಕ್ರ) ಬದಲಿಸಿ, ಮೋಟರನ್ನು ಮತ್ತೆ ಕೂರಿಸುವ ಕೆಲಸ ನಮ್ಮದಾಗಿತ್ತು. ಮೋಟರ್ ನಿಮಿಷಕ್ಕೆ 990 ಸುತ್ತು ತಿರುಗುವಂಥದ್ದು. ಮೋಟರಿನ ಶಾಫ್ಟು ಮತ್ತು ಫ್ಯಾನಿನ ಶಾಫ್ಟು ಒಂದೇ ರೇಖೆಯಲ್ಲಿ ನಿಲ್ಲದಿದ್ದರೆ ಎರಡನ್ನೂ ಜೋಡಿಸುವ ಕಪ್ಲಿಂಗ್ ಸವೆಯುತ್ತದೆ, ಬೇರಿಂಗ್ ಕಾಯುತ್ತದೆ, ಕಂಪನ ಏರಿ ಕೊನೆಗೆ ಯಂತ್ರವೇ ನಿಲ್ಲುತ್ತದೆ. ಆದ್ದರಿಂದ ಕಪ್ಲಿಂಗಿಗೆ ಡಯಲ್ ಗೇಜ್ (ಸೂಕ್ಷ್ಮ ಅಂತರವನ್ನು ಮುಳ್ಳಿನಿಂದ ತೋರಿಸುವ ಮಾಪಕ) ಕಟ್ಟಿ, ಶಾಫ್ಟನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ, ಮೋಟರಿನ ಪಾದಗಳ ಕೆಳಗೆ ತೆಳುವಾದ ಶಿಮ್ ತಗಡುಗಳನ್ನು ಸೇರಿಸಿ ತೆಗೆದು, ಮಿಲಿಮೀಟರಿನ ನೂರನೆಯ ಭಾಗದವರೆಗೆ ಸರಿಹೊಂದಿಸಬೇಕು. ಹೊಂದಿಕೆಯಾದ ಮೇಲೆ ಪಾದ ಜರುಗದಂತೆ ರಂಧ್ರ ಕೊರೆದು ಡೋವೆಲ್ ಪಿನ್ ಹೊಡೆಯುತ್ತೇವೆ; ಅಲ್ಲಿಂದ ಮುಂದೆ ತಿದ್ದುವುದು ಕಷ್ಟ.

ಹದಿನೇಳನೆಯ ದಿನ ಮಧ್ಯಾಹ್ನ ಮೂರೂವರೆಗೆ ರೀಡಿಂಗ್ ಹೊಂದಿತು. ಆ ಹೊತ್ತಿನಲ್ಲಿ ಬಿಸಿಲು 43 ಡಿಗ್ರಿಯ ಆಸುಪಾಸಿನಲ್ಲಿತ್ತು. ಪಶ್ಚಿಮದ ಬಿಸಿಲು ನೇರವಾಗಿ ಮೋಟರಿನ ಮೈಮೇಲೆ ಬೀಳುತ್ತಿದ್ದರೆ, ಫ್ಯಾನಿನ ಬೇರಿಂಗ್ ಪೀಠ ಅನಿಲ ಹೋಗುವ ಡಕ್ಟಿನ ನೆರಳಿನಲ್ಲಿತ್ತು. ಶಹಾಬಾದ ಕಡೆಯ ನಮ್ಮ ಹಿರಿಯ ಫಿಟ್ಟರ್ ಮೋಟರಿನ ಪಕ್ಕೆಗೆ ಅಂಗೈ ಇಟ್ಟು ತಕ್ಷಣ ಹಿಂದೆ ತೆಗೆದು, ‘ಸಾಹೇಬ್ರ, ಬಿಸಿಲಾಗ ಕಬ್ಬಿಣ ಖರೇ ಹೇಳಂಗಿಲ್ಲ. ನಸುಕಿನ್ಯಾಗ ಒಂದ್ಸಲ ನೋಡಿ ಆಮ್ಯಾಲ ಡೋವೆಲ್ ಹೊಡಿಯೋಣ್ರಿ’ ಎಂದರು. ಕಾರ್ಯಕ್ರಮ ಪಟ್ಟಿಯಲ್ಲಿ ನಾವು ಆಗಲೇ ಒಂಬತ್ತು ಗಂಟೆ ಹಿಂದಿದ್ದೆವು. ನಾನು ಪಟ್ಟಿಯನ್ನು ನಂಬಿದೆ, ಅವರ ಅಂಗೈಯನ್ನು ನಂಬಲಿಲ್ಲ. ಸಂಜೆಯೊಳಗೆ ಡೋವೆಲ್ ಮುಗಿಯಿತು.

ಮರುದಿನ ನಸುಕಿನ ಐದು ಗಂಟೆಗೆ ಅವರೇ ಮತ್ತೆ ಗೇಜ್ ಕಟ್ಟಿ ನನ್ನನ್ನು ಕರೆದರು. ಒಂದು ಪೂರ್ತಿ ಸುತ್ತಿನಲ್ಲಿ ಮುಳ್ಳು 0.34 ಮಿಲಿಮೀಟರ್ ಓಡಿತು. ಡಯಲ್ ತೋರಿಸುವುದು ಅಂತರದ ಇಮ್ಮಡಿಯಾದ್ದರಿಂದ ಮೋಟರ್ 0.17 ಮಿಲಿಮೀಟರ್ ಕೆಳಗಿಳಿದಿತ್ತು. ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇರಲಿಲ್ಲ: ಒಂದು ಮೀಟರ್ ಉಕ್ಕು ಒಂದು ಡಿಗ್ರಿಗೆ ಸುಮಾರು 0.012 ಮಿಲಿಮೀಟರ್ ಹಿಗ್ಗುತ್ತದೆ. ಪಾದದಿಂದ ಶಾಫ್ಟಿನವರೆಗೆ 800 ಮಿಲಿಮೀಟರ್ ಎತ್ತರದ ಮೋಟರ್ ಪಕ್ಕದ ಪೀಠಕ್ಕಿಂತ 20 ಡಿಗ್ರಿ ಹೆಚ್ಚು ಕಾದರೆ 0.19 ಮಿಲಿಮೀಟರ್ ಮೇಲೇರುತ್ತದೆ. ಡಿಪ್ಲೊಮಾ ಓದುವಾಗಲೇ ಕಲಿತ ಲೆಕ್ಕ ಇದು. ಯಂತ್ರ ಓಡುವಾಗ ಎಷ್ಟು ಹಿಗ್ಗುತ್ತದೆ ಎಂಬುದನ್ನು ತಯಾರಕರು ಡ್ರಾಯಿಂಗಿನಲ್ಲಿ ಕೊಟ್ಟಿರುತ್ತಾರೆ ಮತ್ತು ಅಷ್ಟನ್ನು ನಾವು ತಣ್ಣಗಿರುವಾಗಲೇ ಬಿಟ್ಟುಕೊಂಡು ಹೊಂದಿಸುತ್ತೇವೆ. ಆದರೆ ನಿಂತ ಯಂತ್ರವನ್ನು ಕಲಬುರಗಿಯ ಬಿಸಿಲು ಎಷ್ಟು ಹಿಗ್ಗಿಸುತ್ತದೆ ಎಂಬುದು ಯಾವ ಡ್ರಾಯಿಂಗಿನಲ್ಲಿಯೂ ಇರುವುದಿಲ್ಲ.

ಪಿನ್ ಕಿತ್ತು, ಶಿಮ್ ಬದಲಿಸಿ, ರಂಧ್ರಗಳನ್ನು ದೊಡ್ಡ ಅಳತೆಗೆ ರೀಮ್ ಮಾಡಿ, ಹೊಸ ಪಿನ್ ಲೇತಿನಲ್ಲಿ ತಿರುವಿಸಿ ತರುವಷ್ಟರಲ್ಲಿ 14 ಗಂಟೆ ಹೋಯಿತು. ಹಿರಿಯರ ಮಾತಿನಂತೆ ಬೆಳಗಿನವರೆಗೆ ಕಾದಿದ್ದರೂ ಅಷ್ಟು ಹೋಗುತ್ತಿರಲಿಲ್ಲ. ಕಾರ್ಖಾನೆಯವರೆದುರು ವಿಳಂಬದ ಕಾರಣ ಬರೆಯುವಾಗ ಅದು ನನ್ನ ಆದೇಶ ಎಂದೇ ಬರೆದೆ, ಏಕೆಂದರೆ ಇಂಥ ಪತ್ರಗಳಲ್ಲಿ ದೋಷ ಫಿಟ್ಟರನ ಮೇಲೆ ಜಾರುವುದನ್ನು ನಾನು ಬಹಳ ಸಲ ನೋಡಿದ್ದೇನೆ ಮತ್ತು ಅದು ನನಗೆ ಸಹಿಸದ ಸಂಗತಿ.

ಆಮೇಲೆ ನಾನು ಪಟ್ಟಿ ಬರೆಯುವ ರೀತಿ ಬದಲಾಯಿತು. ಮೊದಲು ‘ಅಲೈನ್‌ಮೆಂಟ್, 8 ಗಂಟೆ’ ಎಂದಷ್ಟೇ ಬರೆಯುತ್ತಿದ್ದೆ. ಈಗ ಅದು ದಿನದ ಯಾವ ಎಂಟು ಗಂಟೆ ಎಂಬುದನ್ನೂ ಬರೆಯುತ್ತೇನೆ. ಒರಟು ಹೊಂದಿಕೆ ಹಗಲಿನಲ್ಲಿ, ಕೊನೆಯ ರೀಡಿಂಗ್ ನಸುಕಿನ ನಾಲ್ಕೂವರೆಯಿಂದ ಆರರೊಳಗೆ. ಹಿಂದಿನ ದಿನವೇ ಮೋಟರಿನ ಪಶ್ಚಿಮಕ್ಕೆ ತಾಡಪತ್ರಿ ಕಟ್ಟಿಸುತ್ತೇವೆ, ಎರಡೂ ಪೀಠಗಳ ಉಷ್ಣತೆಯನ್ನು ರೀಡಿಂಗ್ ಹಾಳೆಯಲ್ಲಿಯೇ ನಮೂದಿಸುತ್ತೇವೆ. ಯಂತ್ರದ ತಳಕ್ಕೂ ಅಡಿಪಾಯಕ್ಕೂ ನಡುವೆ ಗ್ರೌಟ್ (ತೆಳು ಸಿಮೆಂಟ್ ಗಾರೆ) ಸುರಿಯುವುದನ್ನೂ ಬೆಳಗಿಗೇ ಸರಿಸಿದೆ, ಏಕೆಂದರೆ ಕಾದ ಅಡಿಪಾಯ ಗ್ರೌಟಿನ ನೀರನ್ನು ಬೇಗ ಹೀರಿ ಬಿರುಕು ಬಿಡಿಸುತ್ತದೆ. ಪಟ್ಟಿ ಅಂತಿಮವಾಗುವ ಮುಂಚೆ ಫಿಟ್ಟರ್, ರಿಗ್ಗರ್ (ಭಾರ ಎತ್ತಿ ಕೂರಿಸುವವರು), ವೆಲ್ಡರುಗಳ ಜೊತೆ ಕುಳಿತು ಓದುತ್ತೇನೆ. ಎಳ್ಳಮವಾಸ್ಯೆಯ ದಿನ ಈ ಭಾಗದ ಕೆಲಸಗಾರರು ಹೊಲಕ್ಕೆ ಹೋಗುತ್ತಾರೆಂಬ ಮಾತು ಕೂಡ ಹಾಗೆ ಕುಳಿತಾಗಲೇ ಪಟ್ಟಿಯೊಳಗೆ ಸೇರಿದ್ದು. ದೂರದ ಕಚೇರಿಯಲ್ಲಿ ಕುಳಿತು ಬರೆದ ಯಾವ ಪಟ್ಟಿಯಲ್ಲಿಯೂ ನಾನು ಅದನ್ನು ಕಂಡಿರಲಿಲ್ಲ.

ನಮ್ಮ ರೀಡಿಂಗ್ ಹಾಳೆಯ ಕೆಳಗೆ ಈಗ ಎರಡು ಸಹಿಗಳ ಜಾಗವಿದೆ. ಮೊದಲನೆಯದು ಫಿಟ್ಟರನದು. ಅದು ಖಾಲಿ ಇರುವವರೆಗೆ ಡ್ರಿಲ್ ಯಂತ್ರವನ್ನು ಸ್ಟೋರಿನಿಂದ ಕೊಡುವುದಿಲ್ಲ, ನಾನು ಕೇಳಿದರೂ ಕೊಡಬಾರದೆಂದು ಸ್ಟೋರ್ ಕೀಪರನಿಗೆ ಬರೆದುಕೊಟ್ಟಿದ್ದೇನೆ.