‘ವಿಡಿಯೋ ಥರ ಕಾಣ್ತಿದೆ’ ಎಂಬ ದೂರು: ಡಿಐ ಕೋಣೆಯಲ್ಲಿ ‘ಪಬ್ಲಿಕ್ ಎನಿಮೀಸ್’ ಮರುನೋಟ

ಸಿನಿಮಾಗೆ ಬಣ್ಣ ತಿದ್ದುವ ಡಿಐ ಕೋಣೆಯಲ್ಲಿ ಪದೇ ಪದೇ ಕಿವಿಗೆ ಬೀಳುವ ಮಾತೊಂದಿದೆ: ‘ಯಾಕೋ ವಿಡಿಯೋ ಥರ ಕಾಣ್ತಿದೆ ಸರ್.’ ಹೇಳುವವರು ನಿರ್ದೇಶಕರಿರಬಹುದು, ನಿರ್ಮಾಪಕರ ಜೊತೆ ಬಂದ ಅವರ ತಮ್ಮನಿರಬಹುದು. ಕೇಳಿದ ಕೂಡಲೇ ಒಂದಿಷ್ಟು ಗ್ರೈನ್ (ಫಿಲ್ಮಿನಲ್ಲಿ ಕಾಣುವ ಕಾಳುಕಾಳು) ಹಾಕಿ, ಕಾಂಟ್ರಾಸ್ಟ್ ಏರಿಸಿ ಕೈತೊಳೆದುಕೊಳ್ಳುವುದು ನಮ್ಮ ಕಸುಬಿಗೆ ಅಂಟಿದ ಕೆಟ್ಟ ಅಭ್ಯಾಸ. ಆ ಒಂದು ಮಾತಿನೊಳಗೆ ಐದು ಬೇರೆ ಬೇರೆ ದೂರುಗಳಿರುತ್ತವೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಇದನ್ನು ಕಲಿಯಲು ಮೈಕಲ್ ಮ್ಯಾನ್ ನಿರ್ದೇಶನದ ‘ಪಬ್ಲಿಕ್ ಎನಿಮೀಸ್’ಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. 2009ರ ಜುಲೈ 1ರಂದು ತೆರೆಕಂಡ ಚಿತ್ರ. 1933–34ರ ಅಮೆರಿಕದ ಬ್ಯಾಂಕ್ ದರೋಡೆಕೋರ ಜಾನ್ ಡಿಲಿಂಜರ್ ಕಥೆ. ಜಾನಿ ಡೆಪ್ ಡಿಲಿಂಜರ್, ಕ್ರಿಶ್ಚಿಯನ್ ಬೇಲ್ ಅವನ ಬೆನ್ನು ಹತ್ತಿದ ಅಧಿಕಾರಿ ಮೆಲ್ವಿನ್ ಪರ್ವಿಸ್, ಮರಿಯೋನ್ ಕೋಟಿಯಾರ್ ಪ್ರೇಯಸಿ ಬಿಲ್ಲಿ ಫ್ರೆಶೆಟ್. ಛಾಯಾಗ್ರಾಹಕ ಡಾಂಟೆ ಸ್ಪಿನೋಟ್ಟಿ. ಸುಮಾರು 10 ಕೋಟಿ ಡಾಲರ್ ಖರ್ಚಿನ ಪೀರಿಯಡ್ ಚಿತ್ರವನ್ನು ಸೋನಿಯ ಎಫ್23 ಎಂಬ ಎಚ್‌ಡಿ ಕ್ಯಾಮೆರಾದಲ್ಲಿ ತೆಗೆದಿದ್ದು ಆಗ ದೊಡ್ಡ ಜಗಳಕ್ಕೆ ಕಾರಣವಾಯಿತು. ಟೋಪಿ, ಕೋಟು, ಹಳೆಯ ಫೋರ್ಡ್ ಕಾರು ಎಲ್ಲ ಇದ್ದೂ ಚಿತ್ರ ಟಿವಿ ಸುದ್ದಿಯ ಹಾಗಿದೆ ಎಂದು ಅರ್ಧ ಜನ ಬೈದರು. ಇನ್ನರ್ಧ ಜನ ಅದನ್ನೇ ಹೊಗಳಿದರು. ಇಷ್ಟು ವರ್ಷಗಳ ಮೇಲೆ ಅದನ್ನು ಮತ್ತೆ ತೂಗುವುದಾದರೆ ತಕ್ಕಡಿಗೆ ಮೂರು ವಸ್ತುಗಳನ್ನು ಬೇರೆ ಬೇರೆಯಾಗಿ ಇಡಬೇಕು: ಕ್ಯಾಮೆರಾ ಏನು ಮಾಡಿತು, ನೋಡಿದ ಪರದೆ ಏನು ಮಾಡಿತು, ಕಥೆ ಇತಿಹಾಸಕ್ಕೆ ಏನು ಮಾಡಿತು. ಜಗಳವಾಡಿದವರಲ್ಲಿ ಹೆಚ್ಚಿನವರು ಮೂರನ್ನೂ ಒಂದೇ ಚೀಲಕ್ಕೆ ತುಂಬಿದ್ದರು.

ಪರದೆಯಿಂದಲೇ ಶುರುಮಾಡೋಣ, ಅದನ್ನು ಸರಿಮಾಡದೆ ಉಳಿದದ್ದರ ಬಗ್ಗೆ ಮಾತಾಡಿ ಫಲವಿಲ್ಲ. 2009ರಲ್ಲಿ ಹೆಚ್ಚಿನ ಚಿತ್ರಮಂದಿರಗಳು ತೋರಿಸಿದ್ದು ಡಿಜಿಟಲ್ ಚಿತ್ರವನ್ನು ಫಿಲ್ಮಿಗೆ ಇಳಿಸಿ ತೆಗೆದ 35 ಎಂಎಂ ಪ್ರಿಂಟು. ಪ್ರಿಂಟು ಅಂಚುಗಳನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ, ತನ್ನದೇ ಗ್ರೈನ್ ಸೇರಿಸುತ್ತದೆ. ಮನೆಯಲ್ಲಿ ನೋಡಿದವರಿಗೆ ಅದರ ಉಲ್ಟಾ ಅನುಭವ. ಟಿವಿಗಳಲ್ಲಿ ಮೋಷನ್ ಸ್ಮೂತಿಂಗ್ ಎಂಬ ಸೌಕರ್ಯವಿದೆ. ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್, ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ. ಸೆಕೆಂಡಿಗೆ 24 ಫ್ರೇಮಿನ ಚಿತ್ರದ ನಡುವೆ ಟಿವಿ ತಾನೇ ಫ್ರೇಮು ಹುಟ್ಟಿಸಿ ತುರುಕುತ್ತದೆ. ಯಾವ ಸಿನಿಮಾಕ್ಕೂ ಅದು ಒಳ್ಳೆಯದಲ್ಲ, ಈ ಸಿನಿಮಾಕ್ಕಂತೂ ವಿಷ. ಮೊದಲು ಅದನ್ನು ಆಫ್ ಮಾಡಿ. ಶಾರ್ಪ್‌ನೆಸ್ ಸೊನ್ನೆಗೆ ಇಳಿಸಿ (ಸೋನಿ ಟಿವಿಗಳಲ್ಲಿ ತಟಸ್ಥ ಬಿಂದು 50, ಅಲ್ಲಿ ಸೊನ್ನೆ ಇಟ್ಟರೆ ಚಿತ್ರ ಮಂಜಾಗುತ್ತದೆ). ನಾಯ್ಸ್ ರಿಡಕ್ಷನ್ ಆಫ್. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಒಂದೇ ಒತ್ತಿಗೆ ಇವೆಲ್ಲ ಆಗುತ್ತದೆ. ಕೋಣೆ ಕತ್ತಲಿರಲಿ.

ಬ್ಲೂರೇ ಸಿಕ್ಕರೆ ಅದರಲ್ಲೇ ನೋಡಿ. ಕತ್ತಲೆಯಲ್ಲಿ ಅಲುಗುವ ನಾಯ್ಸ್, ಅಂದರೆ ಡಿಜಿಟಲ್ ಕ್ಯಾಮೆರಾ ಹುಟ್ಟಿಸುವ ಚುಕ್ಕಿಗಳು, ಕಂಪ್ರೆಷನ್‌ಗೆ ಬಲು ದುಬಾರಿ, ಯಾಕೆಂದರೆ ಯಾವ ಎರಡು ಫ್ರೇಮೂ ಒಂದೇ ಥರ ಇರುವುದಿಲ್ಲ. ಬ್ಲೂರೇ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಚಿತ್ರಕ್ಕೆ ಕೊಡಬಲ್ಲದು. ಸ್ಟ್ರೀಮಿಂಗ್‌ನಲ್ಲಿ 1080 ಗುಣಮಟ್ಟಕ್ಕೆ ಐದರಿಂದ ಎಂಟು ಸಿಕ್ಕಿದರೆ ಹೆಚ್ಚು. ಹಾಗಾಗಿ ರಾತ್ರಿ ದೃಶ್ಯಗಳಲ್ಲಿ ನಾಯ್ಸ್ ಕರಗಿ ಚೌಕ ಚೌಕ ಕಲೆಗಳಾಗಿ ಉಳಿಯುತ್ತದೆ, ಬೈಗುಳ ಮಾತ್ರ ಕ್ಯಾಮೆರಾಗೆ ಬೀಳುತ್ತದೆ.

ಇಷ್ಟು ಮಾಡಿದ ಮೇಲೂ ಉಳಿಯುವುದು ಕ್ಯಾಮೆರಾದ್ದೇ ಗುಣ.

ಮೊದಲನೆಯದು ಚಲನೆ. 24 ಫ್ರೇಮಿನಲ್ಲಿ 180 ಡಿಗ್ರಿ ಶಟರ್ ಅಂದರೆ ಪ್ರತಿ ಫ್ರೇಮೂ 1/48 ಸೆಕೆಂಡು ಬೆಳಕು ಕಾಣುತ್ತದೆ, ಇನ್ನರ್ಧ ಹೊತ್ತು ಕಣ್ಣು ಮುಚ್ಚಿರುತ್ತದೆ. ಡಿಜಿಟಲ್ ಕ್ಯಾಮೆರಾದಲ್ಲಿ ಶಟರನ್ನು ಪೂರ್ತಿ ತೆರೆದು 360 ಮಾಡಬಹುದು, ಆಗ 1/24 ಸೆಕೆಂಡು, ಒಂದು ಸ್ಟಾಪ್ (ಎರಡು ಪಟ್ಟು) ಬೆಳಕು ಲಾಭ. ಬೆಲೆ ಏನು? ಒಬ್ಬ ಮನುಷ್ಯ ಎರಡು ಸೆಕೆಂಡಿನಲ್ಲಿ 1920 ಪಿಕ್ಸೆಲ್ ಅಗಲದ ಫ್ರೇಮನ್ನು ದಾಟಿದನೆಂದು ಇಟ್ಟುಕೊಳ್ಳಿ. ಫ್ರೇಮಿಗೆ 40 ಪಿಕ್ಸೆಲ್ ಸರಿಯುತ್ತಾನೆ. 180ರಲ್ಲಿ ಅವನ ಅಂಚು 20 ಪಿಕ್ಸೆಲ್ ಕಲಸುತ್ತದೆ, 360ರಲ್ಲಿ ಪೂರ್ತಿ 40. ಒಂದು ಫ್ರೇಮಿನ ಕಲಸು ಮುಂದಿನದಕ್ಕೆ ಅಂಟಿಕೊಂಡು, ನಮ್ಮ ಕಣ್ಣು ಸಿನಿಮಾ ಎಂದು ಗುರುತು ಹಿಡಿದಿರುವ ಸಣ್ಣ ತಡವರಿಕೆ ಮಾಯವಾಗುತ್ತದೆ. ಈ ದೋಷಕ್ಕೆ ಗ್ರೈನ್ ಹಾಕಿದರೆ ಜ್ವರಕ್ಕೆ ಮುಲಾಮು ಹಚ್ಚಿದ ಹಾಗೆ. ಡಿಐ ಕೋಣೆಯಲ್ಲಿ ಇದಕ್ಕೆ ಮದ್ದೇ ಇಲ್ಲ, ಶೂಟಿಂಗ್‌ಗೆ ಮುಂಚೆ ಕ್ಯಾಮೆರಾಮನ್ ಜೊತೆ ಕೂತು ತೀರ್ಮಾನಿಸಬೇಕು.

ಅದೇ ತೆರೆದ ಶಟರಿಗೆ ಒಂದು ದೊಡ್ಡ ಲಾಭವೂ ಉಂಟು. ಬಂದೂಕಿನ ಬಾಯಿಯ ಮಿಂಚು ಕೆಲವೇ ಮಿಲಿಸೆಕೆಂಡಿನದು. 180ರಲ್ಲಿ ಶಟರ್ ಅರ್ಧ ಹೊತ್ತು ಮುಚ್ಚಿರುವುದರಿಂದ ಹೆಚ್ಚು ಕಡಿಮೆ ಅರ್ಧದಷ್ಟು ಮಿಂಚುಗಳು ದಾಖಲಾಗುವುದೇ ಇಲ್ಲ. 360ರಲ್ಲಿ ಒಂದೂ ತಪ್ಪುವುದಿಲ್ಲ. ಎಫ್23ರಲ್ಲಿರುವುದು ಸಿಸಿಡಿ ಚಿಪ್ಪು, ಇಡೀ ಫ್ರೇಮನ್ನು ಒಂದೇ ಏಟಿಗೆ ಹಿಡಿಯುತ್ತದೆ. ಸಾಲು ಸಾಲಾಗಿ ಓದುವ ಸಿಮಾಸ್ ಕ್ಯಾಮೆರಾಗಳಲ್ಲಿ ಮಿಂಚು ಅರ್ಧ ಫ್ರೇಮಿಗೆ ಮಾತ್ರ ಬಿದ್ದು ಅಡ್ಡಪಟ್ಟಿಯಾಗುವ ಕಾಟ ಇಲ್ಲಿಲ್ಲ. ಚಿತ್ರದ ಲಿಟಲ್ ಬೊಹೀಮಿಯಾ ವಸತಿಗೃಹದ ಗುಂಡಿನ ಕಾಳಗವನ್ನು ಇದನ್ನು ತಿಳಿದು ನೋಡಬೇಕು. ಕಾಡಿನ ಕತ್ತಲು, ಟಾಮಿ ಗನ್ನಿನ ಮಿಂಚೇ ಮುಖಕ್ಕೆ ದೀಪ. ನಮ್ಮ ಅಭಿಪ್ರಾಯದಲ್ಲಿ ಚಿತ್ರದ ಅತ್ಯುತ್ತಮ ಭಾಗ ಅದೇ.

ಎರಡನೆಯದು ಬೆಳ್ಳಗೆ ಸುಟ್ಟ ಭಾಗಗಳು. ಹಗಲಿನ ಒಳಾಂಗಣಗಳಲ್ಲಿ ಕಿಟಕಿ ಗಮನಿಸಿ. ಫಿಲ್ಮ್ ಅತಿ ಬೆಳಕಿನತ್ತ ನಿಧಾನಕ್ಕೆ ಬಾಗುತ್ತದೆ. ಆ ಕಾಲದ ವಿಡಿಯೋ ಚಿಪ್ಪು ಗೋಡೆಗೆ ಡಿಕ್ಕಿ ಹೊಡೆದ ಹಾಗೆ ನಿಲ್ಲುತ್ತದೆ. ಹೊಳಪು ಅಳೆದು ತೋರಿಸುವ ವೇವ್‌ಫಾರ್ಮ್ ನಕ್ಷೆಯಲ್ಲಿ ಮೇಲ್ಗಡೆ ಚಪ್ಪಟೆ ಗೆರೆ ಕಂಡರೆ ಅಲ್ಲಿ ಏನೂ ಉಳಿದಿಲ್ಲ ಎಂದರ್ಥ. ಉಳಿಸಲಾಗದ್ದನ್ನು ಮರೆಮಾಚಬಹುದು: ಆ ಬಿಳುಪನ್ನು 90 ಶೇಕಡಾದ ಆಸುಪಾಸಿಗೆ ಇಳಿಸಿ, ಒಂದು ಚಿಟಿಕೆ ಹಳದಿ ಬೆರೆಸಿ, ಅಂಚಿಗೆ ಮಾತ್ರ ತೆಳುವಾದ ಕೆಂಪು ಹಬ್ಬಿಸಿ. ಇಡೀ ಫ್ರೇಮಿಗೆ ಗ್ಲೋ ಹಾಕಿದರೆ ಮದುವೆ ವಿಡಿಯೋ ಆಗುತ್ತದೆ.

ಮೂರನೆಯದು ಫೋಕಸ್ಸಿನ ಆಳ. ಎಫ್23ರ ಚಿಪ್ಪಿಗೆ ‘2/3 ಇಂಚು’ ಎಂಬುದು ಹೆಸರಷ್ಟೇ, ನಿಜವಾದ ಅಗಲ ಸುಮಾರು 9.6 ಮಿ.ಮೀ. 35 ಎಂಎಂ ಫಿಲ್ಮಿನ ಸೂಪರ್ 35 ಫ್ರೇಮಿನ ಅಗಲ 25 ಮಿ.ಮೀ. ಹತ್ತಿರ. ವ್ಯತ್ಯಾಸ ಎರಡೂವರೆ ಪಟ್ಟು, ಅಂದರೆ ಇಲ್ಲಿ ಲೆನ್ಸಿನ ಕಿಂಡಿಯನ್ನು ಎಫ್/2ಕ್ಕೆ ತೆರೆದರೂ ಹಿನ್ನೆಲೆ ದೊಡ್ಡ ಫ್ರೇಮಿನಲ್ಲಿ ಎಫ್/5ಕ್ಕೆ ಇಟ್ಟಷ್ಟು ಸ್ಪಷ್ಟ. ಡಿಐಯಲ್ಲಿ ಮಾಸ್ಕ್ ಹಾಕಿ ಹಿನ್ನೆಲೆ ಮಸುಕು ಮಾಡಲು ಹೋಗಬೇಡಿ, ಕೂದಲಿನ ಅಂಚು ಸಿಕ್ಕಿಬೀಳುತ್ತದೆ. ಹಿನ್ನೆಲೆಯನ್ನು ಅರ್ಧ ಸ್ಟಾಪ್ ಕತ್ತಲು ಮಾಡಿ, ಬಣ್ಣ ಇಳಿಸಿ. ಕಣ್ಣು ತಾನಾಗಿ ಮುಖಕ್ಕೆ ಬರುತ್ತದೆ.

ನಾಲ್ಕನೆಯದು ನಾಯ್ಸ್. ಗೇನ್ (ಕ್ಯಾಮೆರಾ ಸಿಗ್ನಲ್ಲಿನ ವರ್ಧನೆ) 6 ಡೆಸಿಬೆಲ್ ಏರಿಸಿದರೆ ಒಂದು ಸ್ಟಾಪ್, ಜೊತೆಗೆ ಕತ್ತಲಲ್ಲಿ ಬಣ್ಣಬಣ್ಣದ ಹುಳು. ಮೊದಲು ಬಣ್ಣದ ನಾಯ್ಸ್ ಮಾತ್ರ ತೆಗೆಯಿರಿ, ಹೊಳಪಿನದನ್ನು ಮುಟ್ಟಬೇಡಿ. ಫ್ರೇಮ್‌ಗಳನ್ನು ಹೋಲಿಸಿ ತೆಗೆಯುವುದಾದರೆ ಎರಡು ಮೂರು ಫ್ರೇಮು ಸಾಕು; ಹೆಚ್ಚಾದರೆ ಓಡುವವನ ಹಿಂದೆ ಅವನದೇ ನೆರಳು ಎಳೆದುಕೊಂಡು ಬರುತ್ತದೆ. ಐದನೆಯ ದೋಷ ಅಂಚಿನ ಸುತ್ತ ಬಿಳಿ ಗೆರೆ, ಕ್ಯಾಮೆರಾದ ಡೀಟೇಲ್ ಸೆಟ್ಟಿಂಗಿನದು ಅಥವಾ ಟಿವಿ ಶಾರ್ಪ್‌ನೆಸ್ಸಿನದು. ಟಿವಿಯದಾದರೆ ಆಗಲೇ ಆಫ್ ಮಾಡಿದ್ದೀರಿ.

ಮ್ಯಾನ್ ತಿಳಿದೇ ಈ ದಾರಿ ಹಿಡಿದವರು. ಫಿಲ್ಮ್ ಮತ್ತು ಡಿಜಿಟಲ್ ಎರಡರಲ್ಲೂ ಪರೀಕ್ಷೆ ಮಾಡಿ, ಫಿಲ್ಮಿನದು ಪೀರಿಯಡ್ ಸಿನಿಮಾ ಥರ ಕಂಡಿತು, ಡಿಜಿಟಲ್‌ನದು 1933ರಲ್ಲೇ ನಿಂತ ಹಾಗಿತ್ತು ಎಂಬರ್ಥದಲ್ಲಿ ಹೇಳಿದ್ದರು. ಹಿಂದಿನ ಕಾಲದ ಕಥೆ ಅಂದರೆ ಕಂದು ಬಣ್ಣ ಹಚ್ಚಬೇಕು ಎಂದು ನಮ್ಮಲ್ಲಿ ಈಗಲೂ ಕೇಳುವವರಿದ್ದಾರೆ. ಆ ಕಾಲದವರಿಗೆ ಆಕಾಶ ಕಂದಾಗಿರಲಿಲ್ಲ ಎಂದು ಅವರಿಗೆ ಹೇಳುವಾಗ ಈ ಚಿತ್ರದ ಹಗಲು ದೃಶ್ಯ ತೋರಿಸಿದರೆ ಸಾಕು, ಅರ್ಧ ವಾದ ಮುಗಿಯುತ್ತದೆ.

ಇನ್ನು ಇತಿಹಾಸ. ಇಲ್ಲಿ ನಮ್ಮ ತೀರ್ಪು ಕ್ಯಾಮೆರಾದ ವಿಷಯದಷ್ಟು ಉದಾರವಾಗಿಲ್ಲ. ಚಿತ್ರ ಜಾಗಕ್ಕೆ ನಿಷ್ಠೆಯಿಂದಿದೆ, ಕಾಲಕ್ಕೆ ಇಲ್ಲ. 1934ರ ಮಾರ್ಚ್ 3ರಂದು ಡಿಲಿಂಜರ್ ತಪ್ಪಿಸಿಕೊಂಡ ಇಂಡಿಯಾನಾದ ಕ್ರೌನ್ ಪಾಯಿಂಟ್ ಜೈಲು, ಏಪ್ರಿಲ್ 22ರ ದಾಳಿ ನಡೆದ ವಿಸ್ಕಾನ್ಸಿನ್‌ನ ಲಿಟಲ್ ಬೊಹೀಮಿಯಾ ವಸತಿಗೃಹ, ಜುಲೈ 22ರಂದು ಅವನು ಗುಂಡಿಗೆ ಬಿದ್ದ ಶಿಕಾಗೋದ ಬಯೋಗ್ರಾಫ್ ಚಿತ್ರಮಂದಿರದ ಮುಂಭಾಗ, ಎಲ್ಲವೂ ಅಸಲಿ ಜಾಗಗಳಲ್ಲೇ ಚಿತ್ರೀಕರಣವಾದವು. ಜೈಲಿನಿಂದ ಓಡಿದ್ದು ಷರೀಫ್ ಲಿಲಿಯನ್ ಹಾಲಿ ಅವರ ಕಾರಿನಲ್ಲಿ; ಕದ್ದ ಕಾರು ರಾಜ್ಯದ ಗಡಿ ದಾಟಿದ್ದರಿಂದಲೇ ಕೇಂದ್ರದ ತನಿಖಾ ಸಂಸ್ಥೆಗೆ ಅವನ ಮೇಲೆ ಕೈ ಹಾಕುವ ಅಧಿಕಾರ ಸಿಕ್ಕಿತು. ಎಫ್‌ಬಿಐ ಎಂಬ ಹೆಸರು ಆಗಿನ್ನೂ ಬಂದಿರಲಿಲ್ಲ, ಅದು 1935ರದ್ದು.

ಪರಿಶೀಲಿಸುವಾಗ ಒಂದು ಹಾಳೆಯಲ್ಲಿ ಎರಡು ಸಾಲು ಹಾಕಿ: ಎಡಕ್ಕೆ ಚಿತ್ರದ ಕ್ರಮ, ಬಲಕ್ಕೆ ನಿಜದ ತಾರೀಖು. ಒಂದೇ ಘಟನೆಯನ್ನು ಎರಡೂ ಕಡೆಯಿಂದ ಗೆರೆ ಎಳೆದು ಜೋಡಿಸಿ. ಎಲ್ಲಿ ಗೆರೆಗಳು ಒಂದನ್ನೊಂದು ಕತ್ತರಿಸುತ್ತವೋ ಅಲ್ಲಿ ನಿಂತು, ಈ ಬದಲಾವಣೆಯಿಂದ ಕಥೆಗೆ ಏನು ಬಂತು, ಏನು ಹೋಯಿತು ಎಂದು ಬರೆಯಿರಿ. ಆರಂಭದಲ್ಲೇ ಒಂದು ಸಿಗುತ್ತದೆ. ಮಿಚಿಗನ್ ಸಿಟಿ ಜೈಲು ಒಡೆಯಲು ಡಿಲಿಂಜರ್ ಖುದ್ದು ಒಳಗೆ ಬರುತ್ತಾನೆ. 1933ರ ಸೆಪ್ಟೆಂಬರ್ 26ರಂದು ಅದು ನಡೆದಾಗ ಅವನು ಓಹಾಯೋದಲ್ಲಿ ಜೈಲಿನಲ್ಲಿದ್ದ. ಇದನ್ನು ಕ್ಷಮಿಸಬಹುದು, ನಾಯಕನನ್ನು ಪರಿಚಯಿಸಲು ಒಂದು ಬಾಗಿಲು ಬೇಕು. ಬಿಲ್ಲಿ ಬಂಧನವಾದದ್ದು ಏಪ್ರಿಲ್ 9ಕ್ಕೆ, ಲಿಟಲ್ ಬೊಹೀಮಿಯಾಕ್ಕಿಂತ 13 ದಿನ ಮುಂಚೆ. ಚಿತ್ರದಲ್ಲಿ ಆಮೇಲೆ ಬರುತ್ತದೆ. ಪ್ರೇಮದ ಎಳೆಯನ್ನು ಕೊನೆಯವರೆಗೆ ಬಿಗಿಯಾಗಿ ಹಿಡಿಯಲು ಹೀಗೆ ಮಾಡಿದ್ದಾರೆ, ಅದು ಕೆಲಸವನ್ನೂ ಮಾಡಿದೆ.

ಲಿಟಲ್ ಬೊಹೀಮಿಯಾದ ವಿಷಯ ಬೇರೆ. ಆ ರಾತ್ರಿ ಅಧಿಕಾರಿಗಳು ತಪ್ಪು ತಿಳಿದು ಮೂವರು ಅಮಾಯಕರ ಮೇಲೆ ಗುಂಡು ಹಾರಿಸಿದರು, ಅವರಲ್ಲಿ ಒಬ್ಬ ಸತ್ತ. ಕಾರ್ಟರ್ ಬಾಮ್ ಎಂಬ ಅಧಿಕಾರಿಯನ್ನು ಡಿಲಿಂಜರ್ ಗುಂಪಿನ ಬೇಬಿ ಫೇಸ್ ನೆಲ್ಸನ್ ಕೊಂದ. ದರೋಡೆಕೋರರು ಒಬ್ಬರೂ ಸಿಗಲಿಲ್ಲ. ಚಿತ್ರ ಅಮಾಯಕರ ಸಾವನ್ನು ಮುಚ್ಚಿಡುವುದಿಲ್ಲ, ಆದರೆ ನೆಲ್ಸನ್ ಮತ್ತು ಅದೇ ಗುಂಪಿನ ವ್ಯಾನ್ ಮೀಟರ್ ಇಬ್ಬರನ್ನೂ ಅದೇ ರಾತ್ರಿ ಪರ್ವಿಸ್ ಕಡೆಯವರ ಗುಂಡಿಗೆ ಕೆಡವುತ್ತದೆ. ನಿಜದಲ್ಲಿ ವ್ಯಾನ್ ಮೀಟರ್ ಸತ್ತದ್ದು ಆಗಸ್ಟ್‌ನಲ್ಲಿ, ನೆಲ್ಸನ್ ನವೆಂಬರ್ 27ಕ್ಕೆ. ಸಂಪೂರ್ಣ ಸೋಲೊಂದು ಅರ್ಧ ಗೆಲುವಾಯಿತು. ದೃಶ್ಯ ಎಷ್ಟೇ ಚೆನ್ನಾಗಿದ್ದರೂ ಇದನ್ನು ನಾವು ತಪ್ಪೆಂದೇ ಬರೆದುಕೊಳ್ಳುತ್ತೇವೆ.

ಅದಕ್ಕಿಂತ ದೊಡ್ಡ ನಷ್ಟ ಪರ್ವಿಸ್ ಪಾತ್ರದ್ದು. ಪ್ರೆಟಿ ಬಾಯ್ ಫ್ಲಾಯ್ಡ್ ಎಂಬ ಇನ್ನೊಬ್ಬ ದರೋಡೆಕೋರನನ್ನು ಕೊಂದ ಮೇಲೆ ತನಿಖಾ ಸಂಸ್ಥೆಯ ಮುಖ್ಯಸ್ಥ ಹೂವರ್ ಅವನಿಗೆ ಶಿಕಾಗೋ ಕಚೇರಿ ಒಪ್ಪಿಸುತ್ತಾನೆ ಎಂದು ಚಿತ್ರ ಹೇಳುತ್ತದೆ. ಫ್ಲಾಯ್ಡ್ ಸತ್ತದ್ದು 1934ರ ಅಕ್ಟೋಬರ್ 22ಕ್ಕೆ, ಡಿಲಿಂಜರ್ ಸತ್ತು ಸರಿಯಾಗಿ ಮೂರು ತಿಂಗಳಿಗೆ. ಪರ್ವಿಸ್‌ಗೆ ಪತ್ರಿಕೆಗಳಲ್ಲಿ ಹೆಸರು ಬಂದದ್ದೂ, ಆ ಹೆಸರೇ ಹೂವರ್‌ಗೆ ಕಣ್ಣುಕಿಸುರಾಗಿ 1935ರಲ್ಲಿ ಅವನು ಕೆಲಸ ಬಿಟ್ಟದ್ದೂ ಈ ಎರಡು ಸಾವುಗಳ ಬೆನ್ನಿಗೆ. ಕ್ರಮ ತಿರುಗಿಸಿದ್ದರಿಂದ ಆ ಅಸೂಯೆಯ ಕಥೆಗೆ ಜಾಗವೇ ಉಳಿಯಲಿಲ್ಲ. ಬೇಲ್ ಮುಖ ಯಾಕೆ ಇಷ್ಟು ಬಿಗಿಯಾಗಿದೆ, ಪಾತ್ರ ಯಾಕೆ ಖಾಲಿ ಎನಿಸುತ್ತದೆ ಎಂದು ಕೇಳುವವರು ನಟನನ್ನು ದೂರುತ್ತಾರೆ. ಕೊರತೆ ಇರುವುದು ಚಿತ್ರಕಥೆಯ ಈ ಜೋಡಣೆಯಲ್ಲಿ.

ಗ್ರೈನ್ ಮತ್ತು ನಾಯ್ಸ್ ವ್ಯತ್ಯಾಸ ಹೊಸಬರಿಗೆ ತೋರಿಸಲು ಚಿತ್ರದ ಕೊನೆಯ ಭಾಗಕ್ಕೆ ಹೋಗಿ. ಬಯೋಗ್ರಾಫ್ ಒಳಗೆ ಡಿಲಿಂಜರ್ ಕೂತು 1934ರ ‘ಮ್ಯಾನ್‌ಹ್ಯಾಟನ್ ಮೆಲೋಡ್ರಾಮಾ’ ನೋಡುತ್ತಿದ್ದಾನೆ, ಪರದೆಯ ಮೇಲೆ ಕ್ಲಾರ್ಕ್ ಗೇಬಲ್. ಗೇಬಲ್ ಮುಖದಲ್ಲಿ ನಿಲ್ಲಿಸಿ ಫ್ರೇಮ್ ಫ್ರೇಮಾಗಿ ಮುಂದೆ ಹೋಗಿ: ಕೆನ್ನೆಯ ನಡು ಬೂದುಬಣ್ಣದಲ್ಲಿ ಗ್ರೈನ್ ಕುದಿಯುತ್ತಿರುತ್ತದೆ, ಕಪ್ಪು ಕೋಟು ಶಾಂತ. ಮುಂದಿನ ಶಾಟ್ ಡೆಪ್ ಮುಖ, ಪರದೆಯಿಂದ ಚಿಮ್ಮಿದ ಬೆಳಕಷ್ಟೇ ದೀಪ. ಈಗ ಕೆನ್ನೆ ನುಣುಪು, ಅಲುಗಾಟವೆಲ್ಲ ಕಿವಿಯ ಹಿಂದಿನ ಕತ್ತಲೆಯಲ್ಲಿ. ಎರಡು ಶಾಟನ್ನೂ ನಾಲ್ಕೈದು ಸಲ ಹಿಂದೆ ಮುಂದೆ ಓಡಿಸಿ ನೋಡಿ.